ಕಂಬಳಿಹುಳುವಿನ ಹೊಟ್ಟೆಯಲ್ಲಿ ಸುಣ್ಣದ ನೀರು

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಹತ್ತಿರ ನಮ್ಮ ಸಂಬಂಧಿಕರ ತೆಂಗಿನ ತೋಟವಿದೆ. ಹೋದ ಬೇಸಿಗೆಯಲ್ಲಿ ಹೋದಾಗ ಗರಿಗಳೆಲ್ಲ ಬೆಂಕಿ ತಗುಲಿದ ಹಾಗೆ ಒಣಗಿದ್ದವು. ಕಪ್ಪು ತಲೆ ಹುಳುವಿನ ಕೆಲಸ. ಮನೆಯ ಹಿರಿಯರು ದೃಷ್ಟಿ ತಗುಲಿದೆ ಎಂದು ಬೂದುಗುಂಬಳ ಕಟ್ಟಿ ತಿಂಗಳು ಕಾದಿದ್ದರು. ಅಷ್ಟರಲ್ಲಿ ಪತಂಗಗಳು ಪಕ್ಕದ ತೋಟಕ್ಕೂ ಹಾರಿದ್ದವು. ನನಗೆ ಸಂಕಟವಾಗಿದ್ದು ಆ ತಿಂಗಳಿಗೆ.

ಮನೆಯ ಹುಡುಗರು ಬೇರೆ ದಾರಿ ಹೇಳಿದರು. "ಡ್ರೋನ್ ತರಿಸಿ ಊರಿಗೆಲ್ಲ ಒಟ್ಟಿಗೆ ಔಷಧಿ ಹೊಡೆಸಿದರೆ ಮುಗೀತಲ್ವಾ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಹುಳುವಿನ ಹೊಟ್ಟೆಯೊಳಗೆ ಇಳಿಯಬೇಕು.

ವಿಮಾನದಿಂದ ಔಷಧಿ ಹೊಡೆಯುವ ಕೆಲಸ ಶುರುವಾಗಿದ್ದೇ ಎಲೆ ತಿನ್ನುವ ಹುಳುವಿನಿಂದ ಮರ ಉಳಿಸಲು. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನ ಬಳಿ, ಕಟಾಲ್ಪಾ ಮರಗಳ ತೋಪಿನ ಮೇಲೆ ಜಾನ್ ಮೆಕ್ರೆಡಿ ಎಂಬ ಸೇನಾ ಪೈಲಟ್ ಪುಡಿ ಸುರಿದ. ಹುಳುಗಳು ಸತ್ತವು. ಆದರೆ ಆ ಪುಡಿ ಸೀಸ ಮತ್ತು ಆರ್ಸೆನಿಕ್ ಸೇರಿದ್ದು. ಅದು ಹುಳು, ಹಸು, ಮನುಷ್ಯ ಎಂದು ನೋಡುವುದಿಲ್ಲ. ನಮ್ಮ ಪಕ್ಕದ ಕಾಸರಗೋಡಿನಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ಕೀಟನಾಶಕವನ್ನೇ ನಿಷೇಧಿಸಿತು. ಅಲ್ಲಿನ ಮಕ್ಕಳ ಸ್ಥಿತಿ ಕಂಡವರು ಆಕಾಶದಿಂದ ಏನೇ ಸುರಿದರೂ ಹೆದರುತ್ತಾರೆ. ಹೆದರಬೇಕಾದದ್ದೇ.

ಇವತ್ತು ಅಮೆರಿಕ, ಕೆನಡಾದ ಊರುಗಳು ಓಕ್ ಮರ ಉಳಿಸಲು ಮೇಲಿಂದ ಹೊಡೆಸುವುದು ಬಹುಪಾಲು ಬೇರೆಯೇ ವಸ್ತು. ಅದು ಬಿಟಿ, ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ನಮ್ಮ ಬಿಟಿ ಹತ್ತಿಯ ಹೆಸರು ಬಂದಿದ್ದೂ ಇದರಿಂದಲೇ. ಇದು ಬೀಜಾಣು ಕಟ್ಟುವಾಗ ಜೊತೆಗೆ ಪ್ರೊಟೀನಿನ ಒಂದು ಸಣ್ಣ ಹರಳನ್ನೂ ಕಟ್ಟುತ್ತದೆ. ಆ ಹರಳು ಅಡಿಕೆಯ ಹಾಗೆ ಗಟ್ಟಿ. ಸುಮ್ನೆ ಮೈಮೇಲೆ ಬಿದ್ದರೆ ಹುಳುವಿಗೆ ಏನೂ ಆಗುವುದಿಲ್ಲ. ತಿನ್ನಬೇಕು.

ತಿಂದ ಮೇಲೆ ಏನಾಗುತ್ತದೆ? ಆರತಿಯ ಓಕುಳಿ ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಥಟ್ಟನೆ ಕೆಂಪಾಗುತ್ತದೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ನಮ್ಮ ಹೊಟ್ಟೆ ನಿಂಬೆರಸದ ಕಡೆಯದು, ಹುಳಿ. ಎಲೆ ತಿನ್ನುವ ಹುಳುವಿನ ನಡುಗರುಳು ಸುಣ್ಣದ ನೀರಿನ ಕಡೆಯದು, ಕ್ಷಾರ. ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಅದು ಪ್ರೊಟೀನನ್ನು ಹಿಡಿದು ಗಂಟು ಹಾಕುತ್ತದೆ, ಜೀರ್ಣವಾಗಲು ಬಿಡುವುದಿಲ್ಲ. ಕ್ಷಾರದಲ್ಲಿ ಆ ಗಂಟು ಬಿಗಿಯುವುದಿಲ್ಲ. ಎಲೆಯನ್ನೇ ನಂಬಿದ ಹುಳುವಿಗೆ ಅದೊಂದು ದೊಡ್ಡ ವರ.

ಆ ವರವೇ ಇಲ್ಲಿ ಮುಳುವಾಗುತ್ತದೆ. ಅದೇ ಸುಣ್ಣದ ನೀರಿನಲ್ಲಿ ಬಿಟಿಯ ಹರಳು ಕರಗುತ್ತದೆ. ಕರಗಿದ್ದನ್ನು ಹುಳುವಿನದೇ ಜೀರ್ಣರಸ ಕತ್ತರಿಸುತ್ತದೆ. ತೆಂಗಿನಕಾಯಿಯ ಸಿಪ್ಪೆ ಸುಲಿದ ಹಾಗೆ, ಒಳಗಿನ ತಿರುಳು ಹೊರಬರುತ್ತದೆ. ಆ ತಿರುಳೇ ವಿಷ. ಅದು ಕರುಳಿನ ಗೋಡೆಯ ಮೇಲಿರುವ ಬೀಗಗಳಿಗೆ ಕೀಲಿಯ ಹಾಗೆ ಕೂರುತ್ತದೆ. ಕೂತವು ಸೇರಿಕೊಂಡು ಗೋಡೆಗೆ ತೂತು ಕೊರೆಯುತ್ತವೆ. ಕರುಳಿನ ಜೀವಕೋಶಗಳು ನೀರು ತುಂಬಿ ಉಬ್ಬಿ ಒಡೆಯುತ್ತವೆ. ಕೆಲವೇ ಗಂಟೆಗಳಲ್ಲಿ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ. ನಮ್ಮ ಕರುಳಿನಲ್ಲಿ ಆ ಸುಣ್ಣವೂ ಇಲ್ಲ, ಆ ಬೀಗವೂ ಇಲ್ಲ. ಹೊಡೆದದ್ದು ಅರ್ಧ ಔಷಧಿ, ಇನ್ನರ್ಧವನ್ನು ಹುಳುವೇ ತಯಾರಿಸಿಕೊಳ್ಳುತ್ತದೆ! ಇದನ್ನು ಮೊದಲು ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿ ರೇಷ್ಮೆಯ ಕಥೆಯೂ ಹೆಣೆದುಕೊಂಡಿದೆ. ಆ ಓಕ್ ಮರಗಳ ಎಲೆ ತಿಂದು ಅಮೆರಿಕದ ಕಾಡನ್ನು ಬೋಳು ಮಾಡುತ್ತಿರುವ ಜಿಪ್ಸಿ ಪತಂಗವನ್ನು ಯುರೋಪಿನಿಂದ ತಂದವನು ಟ್ರೂವೆಲೋ ಎಂಬ ಫ್ರೆಂಚ್ ಮನುಷ್ಯ. 1860ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸಿನ ಮೆಡ್‌ಫರ್ಡಿನಲ್ಲಿ ರೇಷ್ಮೆಯ ಪ್ರಯೋಗ ಮಾಡುತ್ತಿದ್ದ, ಹುಳು ತಪ್ಪಿಸಿಕೊಂಡಿತು. ಇತ್ತ ಬಿಟಿ ಮೊದಲು ಕಣ್ಣಿಗೆ ಬಿದ್ದಿದ್ದು 1901ರಲ್ಲಿ ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ. ಕಂಡವರು ಇಶಿವಾತಾ. 1915ರಲ್ಲಿ ಜರ್ಮನಿಯ ಬರ್ಲಿನರ್ ಅದಕ್ಕೆ ಥುರಿಂಜಿಯಾ ಪ್ರಾಂತ್ಯದ ಹೆಸರಿಟ್ಟರು. ಅಂದರೆ ಬಿಟಿ ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ನಮ್ಮ ಜಿಲ್ಲೆಯಲ್ಲೂ ಹಿಪ್ಪುನೇರಳೆ ಬೆಳೆಯುವವರಿದ್ದಾರೆ. ಹೊಡೆಸುವ ಮುಂಚೆ ಅವರ ಮನೆಬಾಗಿಲಿಗೆ ಹೋಗಿ ಹೇಳಲೇಬೇಕು.

ಯಾಕೆಂದರೆ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. 100 ಮೈಕ್ರಾನ್, ಅಂದರೆ ಮಿ.ಮೀ.ನ ಹತ್ತರಲ್ಲೊಂದು ಭಾಗ ಅಗಲದ ಹನಿ ಸೆಕೆಂಡಿಗೆ ಸುಮಾರು 25 ಸೆಂ.ಮೀ. ಇಳಿಯುತ್ತದೆ. ಮೂರು ಮೀಟರ್ ಇಳಿಯಲು 12 ಸೆಕೆಂಡ್ ಸಾಕು. 10 ಮೈಕ್ರಾನಿನ ಹನಿ ಸೆಕೆಂಡಿಗೆ ಇಳಿಯುವುದು ಮೂರು ಮಿ.ಮೀ. ಮಾತ್ರ. ಅದಕ್ಕೆ 16 ನಿಮಿಷಕ್ಕೂ ಜಾಸ್ತಿ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಮೂರು ಮೀಟರಿನ ಸಣ್ಣ ಗಾಳಿಯೂ ಅದನ್ನು ಮೂರು ಕಿ.ಮೀ. ಒಯ್ಯುತ್ತದೆ. ಹನಿ ಸಣ್ಣದಾದಷ್ಟೂ ಒಳ್ಳೆಯದು ಎಂದು ಹೇಳುವವರು ಈ ಲೆಕ್ಕ ಹಾಕಿ ನೋಡಲಿ. ಆಷಾಢದ ಗಾಳಿಯಲ್ಲಂತೂ ಡ್ರೋನ್ ಮುಟ್ಟಲೇಬಾರದು.

ಊರೆಲ್ಲ ಒಟ್ಟಿಗೆ ಹೊಡೆಸಬೇಕು ಎನ್ನುವ ಮಾತು ಮಾತ್ರ ನಿಜ. ಜಿಪ್ಸಿ ಪತಂಗದ ಮರಿಹುಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತದೆ. ನಮ್ಮ ಮರಕ್ಕೆ ಮಾತ್ರ ಹೊಡೆದರೆ ಪಕ್ಕದ ಮರದ ಹುಳು ಬರುತ್ತದೆ. ಅದೂ ಹುಳು ಎಳೆಯದಾಗಿದ್ದಾಗಲೇ ಹೊಡೆಯಬೇಕು. ಬಲಿತ ಹುಳು ಸುಲಭಕ್ಕೆ ಸಾಯುವುದಿಲ್ಲ. ಬಿಸಿಲು ಬಿಟಿಯನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ.

ಹಾಗಾದರೆ ನಮ್ಮ ತೆಂಗಿಗೆ? ಹುಡುಗರನ್ನು ಕರೆದು ಒಂದು ಗರಿ ಕಡಿಸಿದೆ. ತಿರುಗಿಸಿ ನೋಡಿದೆವು. ಎಲೆಯ ಕೆಳಬದಿಯಲ್ಲಿ ನೂಲು ಮತ್ತು ಹಿಕ್ಕೆ ಸೇರಿಸಿ ಕಟ್ಟಿದ ಉದ್ದನೆಯ ಸುರಂಗ, ಅದರೊಳಗೆ ಹುಳು. ಮೇಲಿಂದ ಬಿದ್ದ ಹನಿ ಎಲೆಯ ಬೆನ್ನ ಮೇಲೆ ಕೂರುತ್ತದೆ. ಹುಳು ಕೆಳಗಿನ ಹಸಿರನ್ನು ಕೆರೆದು ತಿನ್ನುತ್ತದೆ. ತಿನ್ನದಿದ್ದರೆ ಬಿಟಿ ಬರೀ ಪುಡಿ. ಓಕ್ ಮರಕ್ಕೆ ಸರಿಯಾದದ್ದು ಇಲ್ಲಿ ದುಡ್ಡು ದಂಡ.

ಇಲ್ಲಿಗೆ ಬೇಕಾಗಿರುವುದು ಗೋನಿಯೋಜಸ್ ಎಂಬ ಇರುವೆಯಷ್ಟು ಸಣ್ಣ ಕಪ್ಪು ಕಣಜ. ಹೆಚ್ಚು ಹುಳು ಬಿದ್ದ ಕೆಳಗಿನ ಗರಿಗಳನ್ನು ಕಡಿದು ಸುಟ್ಟು, ಆಮೇಲೆ ಇದನ್ನು ಎಲ್ಲ ತೋಟಗಳಲ್ಲೂ ಒಟ್ಟಿಗೆ ಬಿಡಬೇಕು. ಹೆಣ್ಣು ಕಣಜ ಸುರಂಗದೊಳಗೆ ತಾನೇ ನುಗ್ಗುತ್ತದೆ. ಹುಳುವನ್ನು ಕುಟುಕಿ ಅಲುಗಾಡದಂತೆ ಮಾಡುತ್ತದೆ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಇಟ್ಟು ಹೋಗಿಬಿಡುವುದಿಲ್ಲ. ಮರಿಗಳು ಹುಳುವನ್ನು ತಿಂದು ಬೆಳೆಯುವಾಗ ಆ ತಾಯಿ ಅದೇ ಕತ್ತಲೆಯಲ್ಲಿ ಪಕ್ಕದಲ್ಲೇ ಕಾವಲು ಕೂತಿರುತ್ತದೆ.