ಹಾಫ್ ಕ್ಲಚ್: ಜೀಪಿನ ಕ್ಲಚ್ ಪ್ಲೇಟ್ ಬೇಗ ಸವೆಯುವುದು ಯಾಕೆ?

ಪೆಡಲ್ ಪೂರ್ತಿ ಒತ್ತಿಯೂ ಇಲ್ಲ, ಪೂರ್ತಿ ಬಿಟ್ಟೂ ಇಲ್ಲ. ಕಾಲು ನಡುವೆ ಎಲ್ಲೋ ನಿಂತಿದೆ, ಗಾಡಿ ಮೆಲ್ಲಗೆ ಸರಿಯುತ್ತಿದೆ. ಇದಕ್ಕೇ ಡ್ರೈವರುಗಳು ಹಾಫ್ ಕ್ಲಚ್ ಅನ್ನುತ್ತಾರೆ.

ಇಂಜಿನ್ ಜೊತೆ ತಿರುಗುವ ಫ್ಲೈವೀಲ್ ಒಂದು ಕಡೆ, ಅದಕ್ಕೆ ಬಿಗಿದ ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ಗೇರ್‌ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟ್. ಪೆಡಲ್ ಬಿಟ್ಟಾಗ ಮೂರೂ ಕಚ್ಚಿಕೊಂಡು ಒಟ್ಟಿಗೆ ತಿರುಗುತ್ತವೆ, ಸವೆತದ ಮಾತೇ ಇಲ್ಲ. ಪೂರ್ತಿ ಒತ್ತಿದರೆ ಪ್ಲೇಟ್ ಬಿಡಿಯಾಗುತ್ತದೆ. ಹಾಫ್ ಕ್ಲಚ್‌ನಲ್ಲಿ ಮಾತ್ರ ಫ್ಲೈವೀಲ್ ಒಂದು ವೇಗದಲ್ಲಿ, ಪ್ಲೇಟ್ ಇನ್ನೊಂದು ವೇಗದಲ್ಲಿ ತಿರುಗುತ್ತಾ, ಸಾಣೆಗೆ ಹಿಡಿದ ಕತ್ತಿಯ ಹಾಗೆ ಉಜ್ಜಾಡುತ್ತವೆ. ಇಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ಚಕ್ರಕ್ಕೆ ಹೋಗದೆ ಅಲ್ಲೇ ಬಿಸಿಯಾಗಿ ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಮೇಲ್ಪದರ, ತಿನ್ನುತ್ತದೆ. ಏರಿನಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಅದರದ್ದೇ.

ಹಾಗಂತ ಹಾಫ್ ಕ್ಲಚ್ ತಪ್ಪಲ್ಲ. ನಿಂತ ಗಾಡಿ ಹೊರಡಲು ಅದು ಬೇಕೇ ಬೇಕು. ಒಂದೆರಡು ಸೆಕೆಂಡಿನ ಕೆಲಸವನ್ನು ಅರ್ಧ ನಿಮಿಷ ಎಳೆದರೆ ಪ್ಲೇಟಿಗೆ ಕುತ್ತು.

ಕೊಡಚಾದ್ರಿಯ ಜೀಪ್ ದಾರಿ, ಮಾಂದಲಪಟ್ಟಿ, ಕಾಫಿ ತೋಟದೊಳಗಿನ ಏರು, ಇಂಥ ಕಡೆ ಕಲ್ಲಿನ ಮೇಲೆ ನಡಿಗೆಗಿಂತ ನಿಧಾನವಾಗಿ ಹೋಗಬೇಕಾಗುತ್ತದೆ. ಆಕ್ಸಿಲರೇಟರ್ ಮುಟ್ಟದಿದ್ದರೂ ಫಸ್ಟ್ ಗೇರಿನಲ್ಲಿ ಗಾಡಿ ಗಂಟೆಗೆ 6 ಕಿ.ಮೀ. ಹೋಗುತ್ತದೆ ಅಂದುಕೊಳ್ಳಿ. ಅದಕ್ಕಿಂತ ನಿಧಾನ ಬೇಕೆಂದರೆ ಕಾಲು ತಾನಾಗಿ ಕ್ಲಚ್ ಮೇಲೆ ಹೋಗುತ್ತದೆ. ಈಗ ಗೇರ್ ಪಕ್ಕದ ಚಿಕ್ಕ ಲಿವರ್ ಎಳೆದು ಫೋರ್ ಲೋ ಹಾಕಿ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ವೇಗ ಇನ್ನೂ ಇಳಿಸುವ ಗೇರು. ಥಾರ್‌ನಲ್ಲಿ ಲೋ ಅನುಪಾತ 2.48. ಅದೇ ಗೇರಿನಲ್ಲಿ ವೇಗ ಎರಡೂವರೆ ಕಿ.ಮೀ. ಹತ್ತಿರ ಇಳಿಯುತ್ತದೆ, ಚಕ್ರದ ಎಳೆತ ಅಷ್ಟೇ ಪಟ್ಟು ಏರುತ್ತದೆ. ಕಾಲು ತೆಗೆದು ಸುಮ್ನೆ ಸ್ಟೀರಿಂಗ್ ನೋಡಿಕೊಂಡರೆ ಸಾಕು. ‘ಕೆಸರಲ್ಲಿ ಹೂತ ಮೇಲೆ ಹಾಕೋದಲ್ವಾ ಅದು?’ ಅನ್ನುವವರೇ ಜಾಸ್ತಿ. ನನ್ನ ಪ್ರಕಾರ ಫೋರ್ ಲೋ ಮೊದಲು ಕ್ಲಚ್ ಉಳಿಸುವ ಲಿವರ್, ಆಮೇಲೆ ಕೆಸರಿಂದ ಎತ್ತುವ ಲಿವರ್. ಆದರೆ ಒಣ ಟಾರು ರಸ್ತೆ ಸಿಕ್ಕ ಕೂಡಲೇ ಫೋರ್ ಲೋ ತೆಗೆದುಬಿಡಿ.

ಟೂ ವೀಲ್ ಡ್ರೈವ್ ಬೊಲೆರೊಗೆ ಈ ಅನುಕೂಲ ಇಲ್ಲ. ಜಿಪ್ಸಿಗೆ ಲೋ ಇದೆ, ಆದರೆ ಪೆಟ್ರೋಲ್ ಇಂಜಿನ್‌ಗೆ ಕಡಿಮೆ ಆರ್‌ಪಿಎಂನಲ್ಲಿ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಲೆಕ್ಕ) ಡೀಸೆಲ್‌ನಷ್ಟು ಎಳೆತ ಇಲ್ಲ. ಅದಕ್ಕೇ ರೇಸ್ ಕೊಟ್ಟು ಕ್ಲಚ್ ಜಾರಿಸುವ ಚಾಳಿ ಬೆಳೆಯುತ್ತದೆ. ಶೋಕಿಗೆ ದೊಡ್ಡ ಟೈರ್ ಹಾಕಿಸಿದರೆ ಕ್ಲಚ್‌ಗೆ ಇನ್ನಷ್ಟು ಹೊರೆ.

ಏರಿನಲ್ಲಿ ಗಾಡಿಯನ್ನು ಕ್ಲಚ್‌ನಲ್ಲೇ ಹಿಡಿದು ನಿಲ್ಲಿಸುವುದು ಇನ್ನೊಂದು ಕೆಟ್ಟ ಅಭ್ಯಾಸ. ಅದಕ್ಕೆ ಹ್ಯಾಂಡ್‌ಬ್ರೇಕ್ ಇದೆ. ಓಡುವಾಗ ಪೆಡಲ್ ಮೇಲೆ ಕಾಲು ಒರಗಿಸಿಟ್ಟರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗೂ ಸವೆಯುತ್ತದೆ. ಹೊಳೆ ದಾಟುವಾಗ ನಡುನೀರಲ್ಲಿ ಕ್ಲಚ್ ಒತ್ತಬಾರದು. ಪ್ಲೇಟ್ ಬಿಟ್ಟುಕೊಂಡ ಸಂದಿಗೆ ನೀರು, ಕೆಸರು ನುಗ್ಗಬಹುದು.

ಪ್ಲೇಟ್ ಸವೆದಿದೆಯಾ ಅಂತ ಅನುಮಾನ ಇದ್ದರೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕೂ ಒತ್ತಿ, ಮೂರನೇ ಗೇರ್ ಹಾಕಿ ಕ್ಲಚ್ ಬಿಡಿ. ಇಂಜಿನ್ ತಟ್ಟನೆ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಆಫ್ ಆಗದೆ ಓಡುತ್ತಲೇ ಇದ್ದರೆ ಜಾರುತ್ತಿದೆ, ಮತ್ತೆ ಮತ್ತೆ ನೋಡಲು ಹೋಗಬೇಡಿ. ಏರಿನಲ್ಲಿ ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಅದೂ ಇದೇ ಕಥೆ.

ಫೋರ್ ಬೈ ಫೋರ್‌ನಲ್ಲಿ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಜೊತೆ, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸನ್ನೂ ಇಳಿಸಬೇಕು. ಹಾಗಾಗಿ ಲೇಬರ್ ಖರ್ಚೂ ಜಾಸ್ತಿ. ಒಮ್ಮೆ ಬಿಚ್ಚಿಸಿದ ಮೇಲೆ ಪ್ಲೇಟ್ ಒಂದನ್ನೇ ಹಾಕಿಸಬೇಡಿ. ಪ್ರೆಶರ್ ಪ್ಲೇಟ್, ಬೇರಿಂಗ್ ಸೇರಿಸಿ ಪೂರ್ತಿ ಸೆಟ್ ಹಾಕಿಸಿ. ಫ್ಲೈವೀಲ್ ಮೇಲೆ ನೀಲಿ ಕಲೆ ಇದೆಯಾ ಅಂತಲೂ ನೋಡಿ. ಇದ್ದರೆ ಅದು ಅತಿಯಾಗಿ ಕಾದಿದೆ ಅಂತ ಅರ್ಥ. ಆಗ ಫ್ಲೈವೀಲನ್ನು ಲೇತಿಗೆ ಕೊಟ್ಟು ಮುಖ ಸಮ ಮಾಡಿಸದೆ ಹೊಸ ಪ್ಲೇಟ್ ಕೂರಿಸಲು ಬಿಡಬೇಡಿ.