ಅಲೈನ್‌ಮೆಂಟ್: ಒಂಟಿ ಚಕ್ರಕ್ಕೆ ಅನ್ವಯಿಸದ ಪದ

ಹಳೇ ಬೈಕುಗಳ ಮಾರಾಟದ ವಿವರಗಳಲ್ಲಿ ಈ ಸಾಲು ಓದಿ ಓದಿ ಸಾಕಾಗಿದೆ: "ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ರಿಮ್ ಚೂರೂ ಔಟ್ ಇಲ್ಲ." ರಿಮ್ಮಿನ ಔಟ್ ತೆಗೆಸಿದ್ದು ಸಂತೋಷ. ಅದಕ್ಕೂ ಅಲೈನ್‌ಮೆಂಟಿಗೂ ಸಂಬಂಧವಿಲ್ಲ.

ತಿರುಗಿಸಿದಾಗ ಎಡಬಲಕ್ಕೆ ಓಲಾಡುವ ರಿಮ್ಮನ್ನು ಕಡ್ಡಿಗಳ ಬಿಗಿ ಹೆಚ್ಚುಕಮ್ಮಿ ಮಾಡಿ ನೇರಕ್ಕೆ ತರುವುದು ಟ್ರೂಯಿಂಗ್. ಗ್ಯಾರೇಜಿನ ಮಾತಿನಲ್ಲಿ ಬೆಂಡ್ ತೆಗೆಯುವುದು. ತೂಕದ ಚೂರು ಹಾಕಿ ಭಾರ ಸರಿದೂಗಿಸುವುದು ಬ್ಯಾಲೆನ್ಸಿಂಗ್. ಎರಡನ್ನೂ ಬೈಕಿನಿಂದ ಬಿಚ್ಚಿಟ್ಟ ಚಕ್ರದ ಮೇಲೆಯೇ ಮಾಡಬಹುದು. ಅಲೈನ್‌ಮೆಂಟಿಗೆ ಮಾತ್ರ ಇಡೀ ಬೈಕು ಬೇಕು. ಹಿಂದಿನ ಚಕ್ರ, ಮುಂದಿನ ಚಕ್ರ, ಅವೆರಡನ್ನೂ ಹಿಡಿದಿರುವ ಫ್ರೇಮಿನ ನಡುಗೆರೆ, ಇವು ಮೂರೂ ಒಂದೇ ಸಮತಲಕ್ಕೆ ಬರುವುದೇ ಅಲೈನ್‌ಮೆಂಟ್. ಕಿಂಚಿತ್ತೂ ಬಳುಕದ ಎರಡು ಚಕ್ರಗಳು ಒಂದೇ ಬೈಕಿನಲ್ಲಿ ಬೇರೆಬೇರೆ ಜಾಡು ಹಿಡಿದು ಓಡಬಲ್ಲವು. ಕಾರಿನವರ ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವುದು) ಎರಡನ್ನೂ ಇಲ್ಲಿಗೆ ಎಳೆತರುವುದೂ ಬೇಡ. ಅವನ್ನು ತಿರುಗಿಸಿ ಹೊಂದಿಸುವ ವ್ಯವಸ್ಥೆಯೇ ಪಕ್ಕಕ್ಕೆ ಸೈಡ್‌ಕಾರ್ ತೊಟ್ಟಿಲು ಕಟ್ಟದ ಒಂಟಿ ಬೈಕಿನಲ್ಲಿಲ್ಲ.

ಪದದ ಮೂಲ ನೋಡಿದ್ದರೂ ಈ ಗೊಂದಲ ಆಗುತ್ತಿರಲಿಲ್ಲ. ಫ್ರೆಂಚಿನ 'ಅಲಿನ್ಯೆ' ಎಂದರೆ ಸಾಲಿಗೆ ತರುವುದು. ಅದರೊಳಗಿನ 'ಲಿನ್ಯ್', ಅಂದರೆ ಗೆರೆ, ಲ್ಯಾಟಿನ್ನಿನ 'ಲೀನೆಅ'ದಿಂದ ಬಂದದ್ದು. ಲೀನೆಅ ಎಂದರೆ ಮೊದಲ ಅರ್ಥದಲ್ಲಿ ನಾರಿನ ದಾರ. 'ಲೀನುಮ್' ಎಂದರೆ ಅಗಸೆ. ಲಿನನ್ ಬಟ್ಟೆಯ ಹೆಸರಿಗೂ ಅದೇ ಬೇರು. ಅಂದರೆ ಅಲೈನ್ ಮಾಡುವುದೆಂದರೆ ದಾರಕ್ಕೆ ತರುವುದು. ಸಾಲಿಗೆ ಬರಬೇಕಾದರೆ ಕನಿಷ್ಠ ಎರಡು ವಸ್ತುಗಳಾದರೂ ಬೇಕಲ್ಲ?

ಹಳೇ ಬೈಕಿನ ಮಟ್ಟಿಗೆ ಇದು ಬರೀ ನಿಘಂಟಿನ ಮಾತಲ್ಲ, ಇವತ್ತಿಗೂ ಅಳತೆಯ ಸಾಧನ ದಾರವೇ. ಬೈಕನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಟೈರಿನ ಹಿಂಬದಿಯಲ್ಲಿ ದಾರ ಕಟ್ಟಿ, ಎರಡೂ ತುದಿಗಳನ್ನು ಎಡಬಲದಿಂದ ಮುಂದಕ್ಕೆ ಎಳೆಯಬೇಕು. ಸ್ಟ್ಯಾಂಡು, ಸೈಲೆನ್ಸರು ದಾರಕ್ಕೆ ತಾಕಬಾರದು. ದಾರ ಹಿಂದಿನ ಟೈರಿನ ಮುಂಬದಿಯ ಅಂಚನ್ನು ಸೋಕಿಯೂ ಸೋಕದಂತಿರಬೇಕು, ಒತ್ತಿದರೆ ಅಳತೆ ಕೆಟ್ಟಿತು. ಆಮೇಲೆ ಮುಂದಿನ ಚಕ್ರದ ಇಕ್ಕೆಲದ ಸಂದು ನೋಡಿ. ಹಿಂದೆ 3.50, ಮುಂದೆ 3.25 ಇಂಚಿನ ಟೈರಿದ್ದರೆ ಪ್ರತಿ ಬದಿಗೂ ಹೆಚ್ಚುಕಡಿಮೆ 3 ಮಿ.ಮೀ. ಸಂದು ಉಳಿಯಬೇಕು. ಒಂದು ಬದಿಗೆ 6, ಇನ್ನೊಂದು ಬದಿಗೆ ಸೊನ್ನೆ ಬಂದರೆ ಮೊದಲು ನೋಡಬೇಕಾದ್ದು ಹಿಂದಿನ ಆ್ಯಕ್ಸಲ್. ಚೈನ್ ಅಡ್ಜಸ್ಟರ್ ಪಕ್ಕದ ಗೀಟುಗಳನ್ನು ನಂಬಿ ಕೂರಬೇಡಿ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಫ್ರೇಮಿಗೆ ಕೂಡುವ ಪಿವಟ್ಟಿನ ನಡುವಿನಿಂದ ಆ್ಯಕ್ಸಲ್ಲಿನ ನಡುವಿಗೆ ಎರಡೂ ಕಡೆ ಅಳೆಯಿರಿ.

ಅಲ್ಲಿ ಅಳತೆ ಸಮವಿದ್ದೂ ದಾರ ತಪ್ಪು ತೋರಿಸಿದರೆ ರಿಮ್ಮಿನ ಆಫ್‌ಸೆಟ್ ಮೇಲೆ ಅನುಮಾನ ಪಡಬೇಕು. ಚಕ್ರದ ನಡುವಿನ ಹಬ್ಬಿನ ಒಂದು ಬದಿಗೆ ಬ್ರೇಕ್ ಡ್ರಮ್ ಇರುವುದರಿಂದ ಹಲವು ಹಳೇ ಚಕ್ರಗಳಲ್ಲಿ ರಿಮ್ ಹಬ್ಬಿನ ನಟ್ಟನಡುವೆ ಕೂರುವುದಿಲ್ಲ. ಹೊಸ ಕಡ್ಡಿ ಕಟ್ಟುವಾಗ ಇದನ್ನು ಮರೆತು ನಡುವಿಗೇ ಕೂರಿಸಿದರೆ, ಅಚ್ಚುಕಟ್ಟಾಗಿ ಟ್ರೂ ಆದ ಚಕ್ರವೇ ಅಲೈನ್‌ಮೆಂಟ್ ಕೆಡಿಸುತ್ತದೆ. ಮಾರಾಟದ ವಿವರ ಬರೆಯುವವರು ಇದನ್ನು ಎರಡು ಸಲ ಓದಲಿ.

ಇನ್ನು ಬಿದ್ದೆದ್ದ ಬೈಕಿನಲ್ಲಿ ಹ್ಯಾಂಡಲ್ ಒಂದು ಕಡೆ, ಚಕ್ರ ಒಂದು ಕಡೆ ನೋಡುತ್ತಿದ್ದರೆ ಸಾಮಾನ್ಯವಾಗಿ ಫೋರ್ಕ್ ಕಾಲುಗಳು (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆಗಳು) ಕ್ಲ್ಯಾಂಪಿನೊಳಗೆ ತಿರುಚಿಕೊಂಡಿರುತ್ತವೆ. ಬೋಲ್ಟ್ ಸಡಿಲಿಸಿ ನೇರ ಮಾಡಿದರೆ ಮುಗಿಯಬಹುದು. ಅದಕ್ಕೇ "ಚಾಸಿ ಬೆಂಡ್" ಎಂದು ಬೊಬ್ಬೆ ಹಾಕಬೇಕಿಲ್ಲ. ಫ್ರೇಮ್ ನಿಜಕ್ಕೂ ತಿರುಚಿದ್ದರೆ ಒಂದು ಚಕ್ರ ನೆಟ್ಟಗಿದ್ದಾಗ ಇನ್ನೊಂದು ವಾಲಿರುತ್ತದೆ, ಅದನ್ನು ಒಂದೇ ಎತ್ತರದ ದಾರ ಹೇಳಲಾರದು. ತೂಕದ ಗುಂಡು ಇಳಿಬಿಡಬೇಕು. ಲಗ್ಗುಗಳಿಗೆ, ಅಂದರೆ ಕೊಳವೆಗಳು ಸೇರುವ ಲೋಹದ ಗೂಡುಗಳಿಗೆ, ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯುವುದು) ಮಾಡಿ ಕೂಡಿಸಿದ ಹಳೇ ಫ್ರೇಮಿಗೆ ಕಂಡಾಬಟ್ಟೆ ಕಾಯಿಸಿ ಬಡಿದರೆ ಬೆಸುಗೆಯೇ ಬಿಟ್ಟೀತು.

ಸೈಡ್‌ಕಾರ್ ಕಟ್ಟಿದ ಬೈಕಿಗೆ ಲೆಕ್ಕವೇ ಬೇರೆ. ಅದರ ಚಕ್ರದ ಮೂತಿಯನ್ನು ಬೇಕೆಂದೇ ತುಸು ಬೈಕಿನ ಕಡೆಗೆ ತಿರುಗಿಸಿ, ಬೈಕನ್ನು ಸೈಡ್‌ಕಾರಿನಿಂದ ತುಸು ಆಚೆಗೆ ವಾಲಿಸಿರುತ್ತಾರೆ. ಅಲ್ಲಿ ಟೋ ಎಂಬ ಮಾತಿಗೂ ಜಾಗವಿದೆ, ದಾರಗಳು ಸಮಾನಾಂತರವಾಗಿ ಬಂದರೆ ಅದೇ ತಪ್ಪು.