ಹಳೆ ಕೆಮ್ಮು

“ಇದೇ ಕೊಡಿ. ಹಳೆ ಕೆಮ್ಮು.”

ಮೂಡಿಗೆರೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಮಳೆಗಾಲದಲ್ಲಿ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಖಾಲಿ ಬಾಟಲಿಯನ್ನು ಗಾಜಿನ ಮೇಲಿಟ್ಟು, ಛತ್ರಿಯ ನೀರು ಕೊಡವುತ್ತಾ ಹೇಳುತ್ತಾರೆ. ಯಾವ ಕಾಯಿಲೆ, ಎಷ್ಟು ದಿನದ್ದು, ಯಾವ ಔಷಧಿ ಎಂಬ ಮೂರು ಪ್ರಶ್ನೆಗಳಿಗೂ ಆ ಎರಡು ಪದಗಳಲ್ಲೇ ಉತ್ತರ ಮುಗಿದಿರುತ್ತದೆ.

ಕನ್ನಡದಲ್ಲಿ ‘ಹಳೆ’ ಎಂದರೆ ಒಂದು ಬಗೆಯ ಭರವಸೆ. ಹಳೆ ಅಕ್ಕಿ ಅನ್ನಕ್ಕೆ ಒಳ್ಳೆಯದು, ಹಳೆ ಹುಣಸೆಹಣ್ಣು ಸಾರಿಗೆ ಒಳ್ಳೆಯದು, ಹಳೆ ಗಿರಾಕಿಗೆ ಸಾಲ ಕೊಡಬಹುದು. ಕೆಮ್ಮಿಗೂ ಆ ವಿಶೇಷಣ ಅಂಟಿಕೊಂಡರೆ ಅದು ಮನೆಯ ಸದಸ್ಯನಾಗಿಬಿಡುತ್ತದೆ. ಆಮೇಲೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಶ್ವಾಸಕೋಶದ ಕ್ಯಾನ್ಸರಿನ ಎಚ್ಚರಿಕೆಯ ಲಕ್ಷಣಗಳಲ್ಲಿ ಸಾಮಾನ್ಯವಾಗಿ ಮೊದಲು ಬರುವ ಅತಿಥಿ ಕೆಮ್ಮೇ, ಅದು ‘ಹಳೆ’ ಎಂಬ ಪದದ ನೆರಳಿನಲ್ಲಿ ಗುರುತು ಸಿಗದೆ ಕುಳಿತಿರುತ್ತದೆ ಎನ್ನುವುದಕ್ಕಾಗಿ ಇಷ್ಟು ಹೇಳಬೇಕಾಯಿತು.

ವೈದ್ಯರ ಕ್ಯಾಲೆಂಡರ್ ಬೇರೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಇದು ಕ್ಷಯರೋಗ ನಿಯಂತ್ರಣ ಕಾರ್ಯಕ್ರಮದ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲ. ಮೂರು ವಾರವಾದರೂ ಬಿಡದ ಕೆಮ್ಮಿಗೆ ಎದೆಯ ಎಕ್ಸ್‌ರೇ ಆಗಬೇಕು. ಹಾಗಾದರೆ ಹತ್ತು ವರ್ಷದಿಂದ ಬೀಡಿ ಸೇದಿ ಕೆಮ್ಮುತ್ತಿರುವವರು ಏನು ಮಾಡಬೇಕು? ಅವರ ಮಟ್ಟಿಗೆ ವಾರಗಳ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಕೆಮ್ಮಿನ ಬದಲಾವಣೆ. ಬೆಳಗ್ಗೆ ಮಾತ್ರ ಕಾಡುತ್ತಿದ್ದದ್ದು ರಾತ್ರಿ ನಿದ್ದೆಗೆಡಿಸುತ್ತಿದೆಯೇ, ಒಂದು ಬಾಟಲಿಗೆ ತಗ್ಗುತ್ತಿದ್ದದ್ದು ಮೂರಕ್ಕೂ ಬಗ್ಗುತ್ತಿಲ್ಲವೇ, ಸದ್ದೇ ಬೇರೆಯಾಗಿದೆಯೇ?

ಸದ್ದಿನ ವಿಷಯ ನನಗೆ ಹೇಳಿಕೊಟ್ಟವರು ಒಬ್ಬ ಹೆಂಗಸು. ಅವರ ಗಂಡ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದವರು, ದಿನಕ್ಕೊಂದು ಕಟ್ಟು ಬೀಡಿ, ನನ್ನ ಹಳೆ ಗಿರಾಕಿ. ಒಂದು ದಿನ ಅವರ ಬದಲು ಆಕೆಯೇ ಬಂದರು. “ಅಣ್ಣಾ, ಮೊದಲೆಲ್ಲ ಇವರು ಬಚ್ಚಲಿನಲ್ಲಿ ಕೆಮ್ಮಿದರೆ ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು, ಈಗ ಕಫ ಬಿತ್ತು ಎಂದು. ಈಗ ಎಷ್ಟು ಕೆಮ್ಮಿದರೂ ಏನೂ ಬೀಳುವುದಿಲ್ಲ. ಫೋನಿನಲ್ಲಿ ಮಾತನಾಡಿದರೆ ಮಗಳು, ಯಾರು ಮಾತನಾಡುತ್ತಿರುವುದು ಎಂದು ಕೇಳುತ್ತಾಳೆ.” ಆ ಎರಡನೆಯ ಮಾತಿಗೆ ನಾನು ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟೆ.

ಗಂಟಲು ಕಟ್ಟುವುದಕ್ಕೂ ಶ್ವಾಸಕೋಶಕ್ಕೂ ಏನು ಸಂಬಂಧ ಎನಿಸಬಹುದು. ಸಂಬಂಧ ಇರುವುದು ಒಂದು ನರದ ವಿಚಿತ್ರ ದಾರಿಯಲ್ಲಿ. ಧ್ವನಿಪೆಟ್ಟಿಗೆಯ ಎಡಭಾಗವನ್ನು ಆಡಿಸುವ ನರ ಮಿದುಳಿನಿಂದ ನೇರವಾಗಿ ಗಂಟಲಿಗೆ ಹೋಗಿ ನಿಲ್ಲುವುದಿಲ್ಲ. ಗಂಟಲನ್ನು ದಾಟಿ ಎದೆಯೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಕೆಳಗೆ ಸುತ್ತು ಹಾಕಿ, ಮತ್ತೆ ಮೇಲೆ ಹತ್ತುತ್ತದೆ. ಆ ತಿರುವಿನ ಹತ್ತಿರ, ಎಡ ಶ್ವಾಸಕೋಶದ ಬುಡದಲ್ಲಿ, ಗಡ್ಡೆಯೋ ಊದಿದ ಗ್ರಂಥಿಯೋ ಒತ್ತಿದರೆ ಮೇಲೆ ಧ್ವನಿ ಒಡೆಯುತ್ತದೆ. ಗಂಟಲಿಗೆ ಉಪ್ಪುನೀರು ಮುಕ್ಕಳಿಸುತ್ತಾ ತಿಂಗಳು ಕಳೆದವರಲ್ಲಿ ತೊಂದರೆ ಇದ್ದದ್ದು ಒಂದು ಗೇಣು ಕೆಳಗೆ.

ಇನ್ನು ರಕ್ತ. ಕಫದಲ್ಲಿ ಕೆಂಪು ಗೆರೆ ಕಂಡರೆ ನಮ್ಮ ಕಡೆ ಸಿಗುವ ಮೊದಲ ವಿವರಣೆ “ಉಷ್ಣ”, ಮೊದಲ ಚಿಕಿತ್ಸೆ ಎಳನೀರು. ಎಳನೀರಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕೆಮ್ಮಿನೊಂದಿಗೆ ಬರುವ ರಕ್ತ, ಅದು ನೂಲಿನಷ್ಟೇ ಇರಲಿ, ಒಂದೇ ಸಲ ಬಂದಿರಲಿ, ಮೂರು ವಾರ ಕಾಯುವ ಲಕ್ಷಣವಲ್ಲ. ಆ ವಾರವೇ ವೈದ್ಯರ ಬಳಿ ಹೋಗಬೇಕು. ಅದು ಕ್ಷಯವಿರಬಹುದು, ಶ್ವಾಸನಾಳದ ಹಳೆಯ ಸೋಂಕಿರಬಹುದು. ಬಹಳ ಸಲ ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ. ಇಲ್ಲಿ ಮಲೆನಾಡಿನ ಒಂದು ತೊಡಕೂ ಇದೆ. ಎಲೆಅಡಿಕೆ ಹಾಕುವವರ ಉಗುಳು ಇಡೀ ದಿನ ಕೆಂಪಾಗಿಯೇ ಇರುತ್ತದೆ. ಅದರಲ್ಲಿ ರಕ್ತ ಯಾರಿಗೆ ಕಾಣಬೇಕು? ಬೆಳಗ್ಗೆ ಬಾಯಿ ಮುಕ್ಕಳಿಸಿ, ಮೊದಲ ಎಲೆ ಮಡಚುವ ಮುಂಚೆ ಬಿದ್ದ ಕಫವನ್ನು ಬೆಳಕಿನಲ್ಲಿ ನೋಡಿ ಎಂದು ಹೇಳುತ್ತೇನೆ. ಕೇಳಿದವರು ಮುಖ ಕಿವಿಚುತ್ತಾರೆ, ಇರಲಿ.

ಶ್ವಾಸಕೋಶದ ಒಳಗೆ ನೋವು ತಿಳಿಸುವ ನರಗಳಿಲ್ಲ. ನೋವು ಗೊತ್ತಾಗುವುದು ಅದರ ಹೊರಪೊರೆಗೆ, ಪಕ್ಕೆಲುಬಿಗೆ, ಭುಜದ ನರಗಳಿಗೆ ಕಾಯಿಲೆ ತಲುಪಿದ ಮೇಲೆ. ಆದ್ದರಿಂದ “ನೋವೇನೂ ಇಲ್ಲ” ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆ ಕಡಿಮೆ. ಶ್ವಾಸಕೋಶದ ತುತ್ತತುದಿಯಲ್ಲಿ ಬೆಳೆಯುವ ಗಡ್ಡೆಯಂತೂ ಕೆಮ್ಮನ್ನೇ ತರದೆ ಭುಜದಲ್ಲಿ ನೋವಾಗಿ ಶುರುವಾಗಿ, ತೋಳಿನ ಒಳಬದಿಯಲ್ಲಿ ಕಿರುಬೆರಳಿನವರೆಗೆ ಇಳಿಯಬಹುದು. ಚೀಲ ಹೊತ್ತು ಬದುಕಿದವರಿಗೆ ಭುಜ ನೋಯದೆ ಇನ್ನೇನು ಎಂದು ಎಣ್ಣೆ ತಿಕ್ಕಿಸುತ್ತಲೇ ಆರು ತಿಂಗಳು ಹೋಗುತ್ತದೆ.

ಕ್ಯಾನ್ಸರಿಗೆ ಕನ್ನಡದಲ್ಲಿ ಏಡಿಗಂತಿ ಎಂಬ ಪದವಿದೆ. ಗ್ರೀಕರ ಹಿಪೊಕ್ರೆಟಿಸ್ ಕಾಲದ ‘ಕಾರ್ಕಿನೋಸ್’ ಎಂದರೂ ಏಡಿಯೇ, ಲ್ಯಾಟಿನ್ನಿನ ‘ಕ್ಯಾನ್ಸರ್’ ಕೂಡ ಏಡಿಯೇ. ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಅವರಿಗೆ ಏಡಿಯ ಕಾಲಿನಂತೆ ಕಂಡವಂತೆ. ನನಗೆ ಈ ಹೆಸರು ಹಿಡಿಸುವುದು ಬೇರೆ ಕಾರಣಕ್ಕೆ. ನಮ್ಮ ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡಿದರೆ ಮೇಲಿನ ಹುಲ್ಲು ಹಸಿರಾಗಿಯೇ ಇರುತ್ತದೆ. ಕೆಳಗಿನ ಗದ್ದೆಯಲ್ಲಿ ಕಾರಣವಿಲ್ಲದೆ ನೀರು ಹೆಚ್ಚಾದಾಗ ಮಾತ್ರ ಅನುಭವಸ್ಥರು ಬದುವಿನ ಕಡೆ ನೋಡುತ್ತಾರೆ.

ಹಾಗೆ ದೂರದಲ್ಲಿ ಕಾಣುವ ಗುರುತುಗಳಲ್ಲಿ ನನಗೆ ಬಹಳ ಆಶ್ಚರ್ಯ ತಂದದ್ದು ಬೆರಳು. ಕ್ಲಬ್ಬಿಂಗ್ ಎನ್ನುತ್ತಾರೆ. ಬೆರಳ ತುದಿ ಊದಿ ಗದೆಯ ತಲೆಯಂತಾಗುತ್ತದೆ, ಉಗುರು ಬೋರಲು ಹಾಕಿದ ಚಮಚದಂತೆ ಬಾಗುತ್ತದೆ. ನೋವಿಲ್ಲ, ಹಾಗಾಗಿ ಯಾರೂ ದೂರುವುದಿಲ್ಲ. ದಕ್ಷಿಣ ಆಫ್ರಿಕಾದ ಹೃದ್ರೋಗ ತಜ್ಞ ಲಿಯೋ ಶ್ಯಾಮ್‌ರಾತ್ 1976ರಲ್ಲಿ ತನ್ನದೇ ಬೆರಳುಗಳಲ್ಲಿ ಕಂಡುಕೊಂಡ ಪರೀಕ್ಷೆಯೊಂದಿದೆ. ಎರಡೂ ಕೈಗಳ ತೋರುಬೆರಳನ್ನು ಮಡಚಿ, ಉಗುರಿಗೆ ಉಗುರು ತಾಗುವಂತೆ ಬೆನ್ನು ಸೇರಿಸಿ ಬೆಳಕಿಗೆ ಹಿಡಿಯಿರಿ. ಉಗುರಿನ ಬುಡದಲ್ಲಿ ಸಕ್ಕರೆ ಹರಳಿನಷ್ಟು, ವಜ್ರದಾಕಾರದ ಸಂದು ಕಾಣಬೇಕು. ಊದಿದ ಬೆರಳುಗಳಲ್ಲಿ ಆ ಕಿಟಕಿ ಮುಚ್ಚಿಹೋಗಿರುತ್ತದೆ. ಹೃದಯದ ಕೆಲವು ಕಾಯಿಲೆಗಳಲ್ಲೂ ಹೀಗಾಗುತ್ತದೆ, ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಹೊಸದಾಗಿ ಮುಚ್ಚಿದ್ದರೆ ಮಾತ್ರ ಎದೆ ತೋರಿಸಿಕೊಳ್ಳುವುದು ಅಗತ್ಯ.

ಮಿಕ್ಕವನ್ನು ಬೇಗ ಹೇಳುತ್ತೇನೆ: ದಾರಿ ಅದೇ ಆದರೂ ಏರಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುವಂತಾಗುವುದು, ಊಟ ಸೇರದೆ ತೂಕ ಇಳಿಯುವುದು, ಮುಖ ಮತ್ತು ಕುತ್ತಿಗೆ ಊದಿಕೊಳ್ಳುವುದು, ಒಂದು ಕಣ್ಣಿನ ರೆಪ್ಪೆ ಜೋಲುವುದು, ಪದೇ ಪದೇ ನ್ಯುಮೋನಿಯಾ ಬಂದು ಪ್ರತಿ ಸಲವೂ ಶ್ವಾಸಕೋಶದ ಅದೇ ಜಾಗದಲ್ಲಿ ಕಾಣಿಸುವುದು. ಕೊನೆಯದು ಸ್ವಲ್ಪ ಬಿಡಿಸಿ ಹೇಳುವಂಥದ್ದು. ಗಡ್ಡೆ ಗಾಳಿಯ ಕೊಳವೆಯನ್ನು ಮುಚ್ಚಿದರೆ ಅದರ ಹಿಂದೆ ಕಫ ಕಟ್ಟಿ ಕೊಳೆಯುತ್ತದೆ. ಔಷಧಿಗೆ ಸೋಂಕು ಹೋಗುತ್ತದೆ, ಅಡ್ಡಗಟ್ಟಿದ್ದು ಉಳಿಯುತ್ತದೆ, ಎರಡು ತಿಂಗಳಿಗೆ ಮತ್ತೆ ಜ್ವರ.

ನಮ್ಮಲ್ಲಿ ದಾರಿ ತಪ್ಪುವುದು ಹೆಚ್ಚಾಗಿ ಕ್ಷಯದ ಕವಲಿನಲ್ಲಿ. ಕೆಮ್ಮು, ರಕ್ತ, ಸೊರಗುವಿಕೆ, ಎಕ್ಸ್‌ರೇಯಲ್ಲಿ ನೆರಳು ಎರಡಕ್ಕೂ ಸಾಮಾನ್ಯ. ‘ಕ್ಷಯ’ ಎಂದರೇ ಸವೆಯುವುದು, ಕರಗುವುದು. ಕಫದಲ್ಲಿ ರೋಗಾಣು ಸಿಗದಿದ್ದರೂ ನೆರಳನ್ನು ನೋಡಿ ಕ್ಷಯದ ಮಾತ್ರೆ ಶುರುವಾಗುವುದುಂಟು. ಮಾತ್ರೆ ನುಂಗುತ್ತಾ ಎರಡು ತಿಂಗಳಾದರೂ ನೆರಳು ಕರಗದಿದ್ದರೆ, ಮುಂದೇನು ಎಂದು ಕೇಳುವ ಹಕ್ಕು ರೋಗಿಗೆ ಇದೆ. ಆಗ ಬೇಕಾಗುವುದು ಸಿ.ಟಿ. ಸ್ಕ್ಯಾನ್, ಅನುಮಾನ ಉಳಿದರೆ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ. ಎಕ್ಸ್‌ರೇ ಸರಿಯಿದೆ ಎಂದಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಹೃದಯದ ನೆರಳಿನ ಹಿಂದೆ, ಕೊರಳೆಲುಬಿನ ಅಡಿಯಲ್ಲಿ ಸಣ್ಣ ಗಡ್ಡೆ ಕಾಣದೆ ಹೋಗಬಹುದು.

“ಬೀಡಿ ಮುಟ್ಟದವರಿಗೆ ಇದೆಲ್ಲ ಯಾಕೆ?” ಎಂಬ ಪ್ರಶ್ನೆ ಬರುತ್ತದೆ. ಅರಕಲಗೂಡು ಕಡೆಯ ಹೊಲಗಳಲ್ಲಿ ಬೆಳೆಯುವ ತಂಬಾಕಿಗೆ ಕನ್ನಡ ಇಟ್ಟ ಹೆಸರು ಹೊಗೆಸೊಪ್ಪು. ಅಪರಾಧಿಯ ಹೆಸರಿನಲ್ಲೇ ಅಪರಾಧವಿದೆ. ಆದರೆ ಹೊಗೆ ಸೊಪ್ಪಿನದೇ ಆಗಬೇಕಿಲ್ಲ. ಸೌದೆ ಒಲೆಯ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಅಡುಗೆಗೆ ಗ್ಯಾಸ್ ಬಂದರೂ ಹಂಡೆ ಒಲೆಗೆ ಹಸಿ ಸೌದೆ ಊದುವವರು ನಮ್ಮ ಮನೆಗಳಲ್ಲಿ ಈಗಲೂ ಹೆಂಗಸರೇ. ಅವರ ಕೆಮ್ಮನ್ನು ‘ಹಳೆ’ ಎಂದು ಕರೆಯುವ ಪುರುಸೊತ್ತೂ ಯಾರಿಗೂ ಇರುವುದಿಲ್ಲ.

ಅಮೆರಿಕದಲ್ಲಿ ಬಹಳ ವರ್ಷ ಸಿಗರೇಟು ಸೇದಿದವರಿಗೆ ಕಡಿಮೆ ವಿಕಿರಣದ ಸಿ.ಟಿ. ಮಾಡಿ, ಲಕ್ಷಣವಿಲ್ಲದಾಗಲೇ ಹುಡುಕುವ ಪದ್ಧತಿಯಿದೆ. 2011ರಲ್ಲಿ ಪ್ರಕಟವಾದ ಅಲ್ಲಿನ ದೊಡ್ಡ ಅಧ್ಯಯನದಲ್ಲಿ, ಎಕ್ಸ್‌ರೇ ಮಾಡಿಸಿಕೊಂಡವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಾಗಿತ್ತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ. ಶ್ವಾಸಕೋಶದ ಸರದಿ ಬರುವವರೆಗೆ ನಮಗಿರುವುದು ಲಕ್ಷಣಗಳೇ.

ಮೇಸ್ತ್ರಿಯವರು ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದರು, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ. ಗಡ್ಡೆ ಎಡಗಡೆಯೇ ಇತ್ತು. ಚಿಕಿತ್ಸೆ ನಡೆಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಗಂಡನೂ ಕೇಳಲಿಲ್ಲ, ಹೆಂಡತಿಯೂ ಕೇಳಲಿಲ್ಲ. ನಾನೇ ಬಿಲ್ ಪುಸ್ತಕ ತೆಗೆದು ಎಣಿಸಿದೆ. ಜೂನ್‌ನಿಂದ 6 ಬಾಟಲಿ.

ಅಂದಿನಿಂದ ‘ಹಳೆ ಕೆಮ್ಮು’ ಎಂದವರಿಗೆಲ್ಲ “ಯಾವಾಗಿನಿಂದ?” ಎಂದು ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ತಾರೀಖು ಯಾರೂ ಹೇಳುವುದಿಲ್ಲ. ಹಬ್ಬ ಹೇಳುತ್ತಾರೆ, ಮಳೆ ಹೇಳುತ್ತಾರೆ. ಮೊನ್ನೆ ಬಂದವರೊಬ್ಬರು ಸ್ವಲ್ಪ ಯೋಚಿಸಿ, “ಹೂಮಳೆ ಬಿದ್ದ ವಾರದಿಂದ” ಎಂದರು. ಕಾಫಿ ಗಿಡಕ್ಕೆ ಹೂ ಬಿಡಿಸುವ ಬೇಸಿಗೆಯ ಮಳೆ ಅದು. ಅವರು ನಿಲ್ಲಿಸಿ ಬಂದಿದ್ದ ಜೀಪಿನ ಹಿಂದೆ ಅದೇ ಹೂವಿನ ಕಾಫಿ, ಹಣ್ಣಾಗಿ, ಕೊಯ್ದು, ಚೀಲ ತುಂಬಿತ್ತು.